ಸೌಟು ಮುಟ್ಟಿದವರು

"ಥೂ! ಇದೇನಮ್ಮ, ಬೇಳೆಯೋ ಸಮುದ್ರದ ನೀರೋ?"

ಮಗ ಬಾಯಿಗಿಟ್ಟ ಮೊದಲ ತುತ್ತನ್ನೇ ತಟ್ಟೆಯ ಅಂಚಿಗೆ ಉಗುಳಿದ. ಬಸ್ ಓಡಿಸುವ ಅವನಿಗೆ ಅಂದು ವಾರದ ರಜೆ. ಎದುರಿಗೆ, ಹೊಲಿಗೆ ಅಂಗಡಿಗೆ ಬಾಗಿಲೆಳೆದು ಬಂದ ತಂಗಿ. ಅವಳು ತವರಿನ ಹೊಸ್ತಿಲು ತುಳಿದು ತಿಂಗಳುಗಳೇ ಆಗಿದ್ದವು. ಆಸ್ಪತ್ರೆಯ ವರಾಂಡದಲ್ಲಿ ಅತ್ತಿಗೆ "ನಿಮ್ಮಮ್ಮನ ಬಟ್ಟೆ ಒಗೆಯೋಕೆ ನಾನೇನು ಆಳಾ?" ಅಂದಿದ್ದಳು. "ಅಲ್ಲ, ಆಳಿಗಾದ್ರೂ ಕರುಣೆ ಇರುತ್ತೆ" ಅಂತ ಇವಳು ತಿರುಗಿಸಿ ಕೊಟ್ಟಿದ್ದಳು. ಅಲ್ಲಿಗೆ ಮಾತು ನಿಂತಿತ್ತು. ಹೆಂಡತಿಯ ಪರ ನಿಂತ ಅಣ್ಣನ ಜೊತೆಗೂ.

ಗಂಟಲಿನ ಕ್ಯಾನ್ಸರಿಗೆ ಕರೆಂಟು, ಅಂದರೆ ರೇಡಿಯೇಶನ್, ಕೊಡಿಸಿಕೊಂಡ ಮೇಲೆ ತಾಯಿ ಪೂರ್ತಿ ಅಡುಗೆ ಮಾಡಿದ್ದು ಇದೇ ಮೊದಲು. ಕಾರ್ಖಾನೆಯ ಕ್ಯಾಂಟೀನಿನಲ್ಲಿ ನೂರಾರು ಜನಕ್ಕೆ ಬೇಯಿಸಿ ಹಾಕಿದ ಕೈ ಅದು! ಈಗ ನಿಲ್ಲಲು ತ್ರಾಣವಿಲ್ಲದೆ, ಸ್ಟೂಲಿನ ಮೇಲೆ ಕೂತು, ಉಸಿರಿಗೊಮ್ಮೆ ಸುಧಾರಿಸಿಕೊಂಡು ಸೊಪ್ಪು-ಬೇಳೆ ಬೇಯಿಸಿದ್ದಳು. ಮಕ್ಕಳಿಬ್ಬರೂ ಒಂದೇ ಮೇಜಿಗೆ ಕೂರಲಿ ಅನ್ನುವುದೊಂದೇ ಆಸೆ. ಆದರೆ ಮೊನ್ನೆ ಹಾಲಿಟ್ಟು ಮರೆತು ಪಾತ್ರೆ ಸುಟ್ಟಿದ್ದಕ್ಕೆ ಮಗ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ: "ಇದೊಂದು ಸಲ ನೋಡ್ತೀನಿ. ಕೆಟ್ಟರೆ ಅಡುಗೆಮನೆಗೆ ಬೀಗ."

"ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ದೇವರಿಲ್ಲ ಅಂತಾರಲ್ಲ," ಸೊಸೆ ನೀರಿನ ಲೋಟ ಕುಕ್ಕಿದಳು. "ಇವತ್ತು ಈ ಮನೇಲಿ ಎರಡೂ ಜಾಸ್ತಿಯಾಯ್ತು!"

"ಬಾಯಿ ಮುಚ್ಚಿ ಅತ್ತಿಗೆ! ಕಾಯಿಲೆ ಮನುಷ್ಯಳನ್ನ ಒಲೆ ಮುಂದೆ ಕೂರಿಸಿ ತಮಾಷೆ ನೋಡಿದವರು ನೀವು."

"ಕೂರಿಸಿದ್ದು ನಾನಾ? ನಿಮಗೋಸ್ಕರ ತಾನೇ ಅವರು ಕೂತಿದ್ದು? ಅಪರೂಪಕ್ಕೆ ದರ್ಶನ ಕೊಡ್ತೀರಲ್ಲ!"

"ಸಾಕು ಮಾಡ್ರೇ ಇಬ್ರೂ!" ಮಗ ಮೇಜು ಗುದ್ದಿದ. "ಅಮ್ಮ, ನಿನ್ನ ನಾಲಿಗೆ ಹೋಗಿದೆ, ಕೈ ಹೋಗಿದೆ. ನಾಳೆಯಿಂದ ಆ ಕೋಣೆ ಕಡೆ ತಲೆ ಹಾಕಬೇಡ. ಬೀಗ ಅಂದ್ರೆ ಬೀಗ!"

ತಾಯಿಗೆ ಏನೂ ಅರ್ಥವಾಗಲಿಲ್ಲ. ಆಕೆಯ ತಟ್ಟೆಯಲ್ಲಿ ಅರ್ಧ ಅನ್ನ ಆಗಲೇ ಖಾಲಿಯಾಗಿತ್ತು.

"ಏನಾಗಿದೆಯೋ? ನನಗೆ ಹುಲ್ಲೂ ಒಂದೇ, ಹೋಳಿಗೆಯೂ ಒಂದೇ... ಏನಾಗಿದೆ ಹೇಳಬಾರದಾ?"

"ಉಪ್ಪಮ್ಮ! ಬರೀ ಉಪ್ಪು!"

ತಾಯಿಯ ಕೈ ತಟ್ಟೆಯಲ್ಲೇ ನಿಂತಿತು. ಆಮೇಲೆ ನಿಧಾನಕ್ಕೆ, ಅನ್ನದ ಪಾತ್ರೆಯ ಹಿಂದಿದ್ದ ಮುಚ್ಚಿದ ಬಟ್ಟಲನ್ನು ಮುಂದಕ್ಕೆ ತಳ್ಳಿ ಮುಚ್ಚಳ ತೆಗೆದಳು. ಅದರ ತುಂಬ ಪುಡಿ ಉಪ್ಪು, ಚಮಚ ಕೂಡ ತಾಗಿರಲಿಲ್ಲ.

"ನಾನು ಉಪ್ಪೇ ಹಾಕಿಲ್ವಲ್ಲೋ... ಗೊತ್ತಾಗದ ನಾಲಿಗೆ ನಂಬ್ಕೊಂಡು ಹೇಗೆ ಹಾಕಲಿ? ಅವರವರಿಗೆ ಬೇಕಾದಷ್ಟು ಬೆರೆಸ್ಕೊಳ್ಳಲಿ ಅಂತ ಇದನ್ನ ತಂದಿಟ್ಟೆ. ಹೇಳೋಕೆ ಮುಂಚೆ ನೀವು ಜಗಳಕ್ಕೆ ನಿಂತ್ರಿ."

ಆ ಮನೆಯಲ್ಲೊಂದು ಕ್ಯಾಂಟೀನ್ ಕಾಲದ ಕಟ್ಟಳೆಯಿತ್ತು: ಬಡಿಸುವ ತನಕ ಅಮ್ಮನ ಹೊರತು ಯಾರೂ ಸೌಟು ಮುಟ್ಟುವಂತಿಲ್ಲ, ರುಚಿ ನೋಡುವಂತಿಲ್ಲ. ಅಂಗೈಗೆ ಒಂದು ಹನಿ ಬಿಟ್ಟು ಅವಳೊಬ್ಬಳೇ ನೆಕ್ಕಿ ನೋಡಬೇಕು.

"ನಾನು ಹಾಕಿದೆ, ಅತ್ತೆ," ಸೊಸೆ ಗೋಡೆ ನೋಡುತ್ತ ಅಂದಳು. "ನೀವು ಅಂಗೈ ನೆಕ್ಕಿ ಸುಮ್ಮನೆ ಕೂತಿದ್ರಿ. ರುಚಿ ಹತ್ತಿಲ್ಲ ಅಂತ ಮುಖ ನೋಡಿದ್ರೇ ಗೊತ್ತಾಯ್ತು. ಸ್ನಾನಕ್ಕೆ ಎದ್ದಾಗ ಹೋಗಿ ಹಾಕಿ ತಿರುವಿದೆ."

"ನೋಡಿದ್ಯಾ ಅಣ್ಣ! ಬೇಕಂತಲೇ ಕೆಡಿಸಿದ್ದಾಳೆ!"

"ಕೆಡಿಸೋಕೆ ಅಲ್ರೀ! ಸಪ್ಪೆಯಾದ್ರೆ, 'ಸೊಸೆ ಕಾಲ ಮೇಲೆ ಕಾಲು ಹಾಕ್ಕೊಂಡು ನೋಡ್ತಿದ್ಲು' ಅಂತ ಊರೆಲ್ಲ ಸಾರೋರು ನೀವೇ ತಾನೇ?"

ಮಗ ಹೆಂಡತಿಯ ಮುಂದೆ ತಲೆ ತಗ್ಗಿಸಿದ. "ನಾನೂ ಹಾಕಿದೆ ಕಣೇ... ನೀನು ಅಮ್ಮನ್ನ ಆಡ್ಕೋತೀಯ ಅಂತ."

ಮಗಳು ತಟ್ಟೆಯ ಅನ್ನವನ್ನು ಬೆರಳಲ್ಲಿ ಕೆದಕತೊಡಗಿದಳು. 'ಬೇಕಂತಲೇ' ಅಂದ ಬಾಯಿ ಈಗ ಹೇಗೆ ತೆರೆದೀತು? ಅವಳ ಕಿವಿ ಕೆಂಪಾಗಿದ್ದನ್ನು ತಾಯಿ ನೋಡಿದಳು.

"ನೀನೂನಾ?"

"...ಮೊದಲು ಹಾಕಿದ್ದೇ ನಾನು. ಸಪ್ಪೆಯಾದ್ರೆ ಅಣ್ಣ ನಿನ್ನ ಬೈತಾನೆ ಅಂತ," ಮಗಳು ಬಿಕ್ಕಿದಳು.

"ಮೂರು ಜನ!" ತಾಯಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. "ಒಂದೇ ಸೂರಿನಡಿ ಇದ್ದು, 'ನಾನು ಹಾಕಿದೀನಿ' ಅಂತ ಒಬ್ಬರಿಗೊಬ್ಬರು ಹೇಳೋಷ್ಟು ಮಾತೂ ಉಳಿದಿಲ್ವಾ? ನನ್ನ ನಾಲಿಗೆ ಸತ್ತಿದ್ದು ಕಾಯಿಲೆಗೆ... ನಿಮ್ಮ ನಾಲಿಗೆಗೆ ಏನಾಗಿತ್ತು? ಬೀಗ ಹಾಕಪ್ಪ. ಹಾಕು. ಇನ್ನು ಯಾರಿಗೆ ಅಂತ ಬೇಯಿಸಲಿ?"

ಆಕೆ ಮತ್ತೆ ತಟ್ಟೆಗೆ ಕೈ ಹಾಕಿ ಅದೇ ಅನ್ನ ಕಲೆಸತೊಡಗಿದಳು. ಸೊಸೆ ತಟ್ಟನೆ ಎದ್ದು ತಟ್ಟೆ ಕಿತ್ತುಕೊಂಡಳು.

"ಇದನ್ನ ತಿಂದು ಮತ್ತೆ ಆಸ್ಪತ್ರೆ ಸೇರ್ತೀರಾ? ಯಾರು ಓಡಾಡಬೇಕು? ಬೀಗವೂ ಇಲ್ಲ, ಗೀಗವೂ ಇಲ್ಲ. ನೀವು ಮಾಡಿ, ರುಚಿ ನಾನು ನೋಡ್ತೀನಿ. ಕೆಟ್ಟಿದ್ರೆ ಕೆಟ್ಟಿದೆ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳ್ತೀನಿ. ಆಮೇಲೆ ಅಳಬಾರದು!"

"ಅಷ್ಟು ಹೇಳೋರು ಒಬ್ರು ಬೇಕಿತ್ತು ಕಣಮ್ಮ..." ಅಂದಳು ತಾಯಿ. ಮಗ ಹೆಂಡತಿಯ ಮುಖ ನೋಡಿ, ಉಪ್ಪಿನ ಬಟ್ಟಲಿಗೆ ಮುಚ್ಚಳ ಹಾಕಿದ.

ಸೊಸೆ ಪಾತ್ರೆ ಎತ್ತಿ ಒಳಗೆ ಹೋದಳು. ಅರ್ಧ ಬಸಿದು, ಬಿಸಿನೀರು ಸುರಿದು, ಉಪ್ಪು ಹೀರಲಿ ಅಂತ ಆಲೂಗಡ್ಡೆ ಹೆಚ್ಚಿ ಹಾಕಿದಳು. ಮಗಳು ಕಣ್ಣೊರೆಸಿಕೊಂಡು ಬಾಗಿಲಲ್ಲಿ ಬಂದು ನಿಂತಳು. ಬೆಂದ ಮೇಲೆ ಸೊಸೆ ತಿರುಗಿ ನೋಡದೆಯೇ ಸೌಟನ್ನು ಹಿಂದಕ್ಕೆ ಚಾಚಿದಳು. ಮಗಳು ಅಂಗೈಗೆ ಹನಿ ಬಿಟ್ಟುಕೊಂಡು ನೆಕ್ಕಿದಳು.

"ಇನ್ನೂ ಉಪ್ಪು."

"ಹಾಗಾದ್ರೆ ಬುಟ್ಟೀಲಿ ಇನ್ನೆರಡು ಇದಾವೆ, ಸುಲೀರಿ. ಬಾಯಿ ಆಡಿಸಿದಷ್ಟು ಕೈನೂ ಆಡಲಿ."

ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಮಗಳು ಅದನ್ನು ನುಂಗಿಕೊಂಡು ನೆಲದ ಮೇಲೆ ಕೂತು ಆಲೂಗಡ್ಡೆ ಸುಲಿಯತೊಡಗಿದಳು.