ಅಂಗಡಿ ತೆಗೀಬೇಕ್ರಿ!

“ಸ್ವಲ್ಪ ಕಾಲು ಸರಸ್ರಿ... ಅಳತಿ ಪಟ್ಟಿ ಮ್ಯಾಲೆ ನಿಂತೀರಿ.”

“ನಮ್ಮ ಅಂಗಡಿ ಮುಂದ ನಾವು ಎಲ್ಲೆರೆ ನಿಂದರ್ತೀವಿ. ನೀವ್ಯಾರ ಕೇಳಾಕ?”

ಹೆಸರು ಮೌನಮ್ಮ. ಹೆಸರಿಟ್ಟವರಿಗೆ ಅವಳ ಬಾಯಿಯ ಅಂದಾಜು ಇರಲಿಲ್ಲ, ಪಾಪ! ಶಹಾಪುರದ ಹಳೇ ಬಜಾರಿನಲ್ಲಿ ತಾಯಿ ಸುಗಲಮ್ಮನ ಜೊತೆ ಹಗ್ಗ, ದನ ಕಟ್ಟುವ ಕಣ್ಣಿ, ಮೂಗುದಾರ ಮಾರುತ್ತಿದ್ದಳು. ಪಟ್ಟಿ ಹಿಡಿದು ನಿಂತವನು ನಗರಸಭೆಯ ಸರ್ವೇ ಕೆಲಸಕ್ಕೆ ಬಂದ ಬೋನಾಳದ ದೇವಿಂದ್ರ. ಬೈಸಿಕೊಂಡೂ ನಕ್ಕ! ಆ ನಗು ನೋಡಿ ಅವಳ ಕಾಲು ತಾನಾಗಿಯೇ ಸರಿಯಿತು.

ಕಾಲುವೆ ನೀರು ಬಂದ ಮೇಲೆ ಊರು ಬೆಳೆದಿತ್ತು. ಭತ್ತದ ಟ್ರ್ಯಾಕ್ಟರುಗಳು ಬಜಾರಿನಲ್ಲಿ ಸಿಕ್ಕಿಕೊಂಡರೆ ಗಂಟೆಗಟ್ಟಲೆ ಅಲ್ಲಾಡುತ್ತಿರಲಿಲ್ಲ. ಹಳೇ ಅಂಗಡಿ ಕೆಡವಿ ಹೊಸ ಮಾರುಕಟ್ಟೆ ಕಟ್ಟೋಣವೇ, ಬೇಡವೇ? ಜನರನ್ನೇ ಕೇಳಲು ಸಭೆ ಕರೆದಿದ್ದರು.

ಅಷ್ಟರಲ್ಲಿ ದೇವಿಂದ್ರ ದಿನಾ ಅಂಗಡಿಗೆ ಬರತೊಡಗಿದ್ದ. ಸುಗಲಮ್ಮ ಕೊಟ್ಟ ರೊಟ್ಟಿ ತಿಂದ, ಹಗ್ಗ ಹೊಸೆಯುವುದನ್ನೂ ಕಲಿತ. ಅವನು ಬರುವ ಹೊತ್ತಿಗೆ ಮೌನಮ್ಮ ತಲೆ ಬಾಚಿ ಹೂ ಮುಡಿದಿರುತ್ತಿದ್ದಳು. ಯಾಕೆ ಅಂತ ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಸಭೆಯ ಹಿಂದಿನ ದಿನ, ಹೊರಗೆ ನಿಂತು ಅವನು ಫೋನಿನಲ್ಲಿ ಆಡುತ್ತಿದ್ದ ಮಾತು ಅವಳ ಕಿವಿಗೆ ಬಿತ್ತು.

“ಹೌದ್ರಿ ಸಾಹೇಬ್ರ... ಎಲ್ಲಾರಕಿಂತ ಮೊದಲ ಸುಗಲಮ್ಮನ ಅಂಗಡಿ ತೆಗೀಬೇಕ್ರಿ.”

‘ಮೊದಲ ನಮ್ಮದ! ನಮ್ಮ ರೊಟ್ಟಿ ತಿಂದು... ನಮ್ಮ ಅಂಗಡೀನ ಕಿತ್ತಿ ಒಗ್ಯಾಕ ಹೊಂಟಾನ!’

ರಾತ್ರಿಯಿಡೀ ಅತ್ತಳು. ಮರುದಿನ ತುಂಬಿದ ಸಭೆಯಲ್ಲಿ ಎದ್ದು ನಿಂತಳು.

“ಈ ಮನಷ್ಯಾನ ನಂಬಬ್ಯಾಡ್ರಿ! ನಮ್ಮ ಮನಿ ರೊಟ್ಟಿ ತಿಂದು, ಮೊದಲ ನಮ್ಮ ಅಂಗಡೀನ ತೆಗೀಬೇಕು ಅಂತ ಸಾಹೇಬ್ರಿಗೆ ಹೇಳ್ಯಾನ! ನಾನ ಕಿವ್ಯಾರೆ ಕೇಳೀನಿ!”

ಜನ “ಥೂ” ಅಂದರು. ದೇವಿಂದ್ರ ಒಮ್ಮೆ ಅವಳನ್ನು ನೋಡಿದ. ನಕ್ಷೆ ಸುತ್ತಿಕೊಂಡು ಹೊರಗೆ ನಡೆದ.

ಆಗ ವೇದಿಕೆ ಮೇಲಿದ್ದ ಇಂಜಿನಿಯರ್ ಎದ್ದರು.

“ತಂಗಿ, ಆ ಫೋನ್ ನನಗ ಮಾಡಿದ್ದ. ಹೊಸಾ ಮಾರ್ಕೆಟ್ ಆದ್ರ ಎಲ್ಲಾರಕಿಂತ ಮೊದಲ ಅಲ್ಲಿ ನಿಮ್ಮ ಅಂಗಡಿ ತೆಗೀಬೇಕು ಅಂದ. ನಿಮ್ಮವ್ವಗ ಮೊಣಕಾಲು ಬ್ಯಾನಿ, ಬಿಸಲಾಗ ಭಾಳ ದಿನ ಕುಂದ್ರಾಕ ಆಗಂಗಿಲ್ಲ ಅಂತ.”

ಬಳೆ ಮಾರುವ ಶರೀಫಾಬೀ ಹಣೆ ಬಡಿದುಕೊಂಡಳು. “ಯಾ ಅಲ್ಲಾ! ಮುಂಜಾನೆದ್ದು ಅಂಗಡಿ ತೆಗೀತೀವಿ ಅಂತ ನಾವ ದಿನಾ ಅಂತೀವಲ್ಲೇ ಹುಚ್ಚಿ!”

ಸಭೆ ಗೊಳ್ಳೆಂದು ನಕ್ಕಿತು.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಮೌನಮ್ಮನಿಗೆ. ಬಾಗಿಲು ತೆಗೆಯುವುದೂ ತೆಗೆಯುವುದೇ, ಕಿತ್ತು ತೆಗೆಯುವುದೂ ತೆಗೆಯುವುದೇ. ಎರಡರಲ್ಲಿ ಅವಳ ಮನಸ್ಸು ಕೆಟ್ಟದ್ದನ್ನೇ ಆರಿಸಿಕೊಂಡಿತ್ತು! ‘ಅವ್ವನ ಮೊಣಕಾಲು ನನಗ ನೆನಪಿರಲಿಲ್ಲ. ಅವನಿಗಿತ್ತು...’

ಮನೆಗೆ ಓಡಿಹೋಗಬಹುದಿತ್ತು. ಆದರೆ ನಾಲ್ಕು ಮಂದಿಯ ಮುಂದೆ ಕಳೆದ ಮಾನವನ್ನು ಗುಟ್ಟಾಗಿ ಹಿಂದಕ್ಕೆ ಕೊಡುವುದು ಹೇಗೆ? ವೇದಿಕೆ ಹತ್ತಿ ಮೈಕು ಹಿಡಿದಳು.

“ಬಜಾರ ಕೆಡವೋದೋ ಬಿಡೋದೋ, ನಿಮ್ಮ ಮನಸಿಗೆ ಬಂದಂಗ ಹೇಳ್ರಿ. ನನ್ನ ಮಾತು ಕೇಳಿ ಹೇಳಬ್ಯಾಡ್ರಿ. ಆ ಮನಷ್ಯಾ ಖರೇ ಅದಾನ್ರಿ... ನಾನ ಸುಳ್ಳಾದೆ. ತಪ್ಪಾತ್ರಿ.”

ಈ ಸಲ ಯಾರೂ ನಗಲಿಲ್ಲ.

ಅವಳು ಹೊರಗೆ ಬಂದಾಗ ಬೇವಿನ ಮರದ ಕೆಳಗೆ ದೇವಿಂದ್ರ ನಿಂತಿದ್ದ. ಮೈಕಿನ ಮಾತು ಅವನಿಗೂ ಕೇಳಿಸಿತ್ತು.

“ನನ್ನ ಒಂದ ಮಾತು ಕೇಳಬೇಕಾಗಿತ್ರಿ, ಮೌನಮ್ಮ. ಅಷ್ಟ ಮಂದ್ಯಾಗ...”

“ಬೈರಿ... ನಿಮ್ಮ ಮಾರಿ ನೋಡಾಕ ನನಗ ನಾಚಿಕಿ ಆಗಾಕತ್ತದ.”

“ಅಷ್ಟ್ಯಾಕ ಸಿಟ್ಟು ಬಂತ್ರಿ?”

“ಬ್ಯಾರೇ ಯಾರರ ಅಂದಿದ್ರ ಜಗಳಾಡಿ ಬಿಡ್ತಿದ್ದೆ. ನೀವಂದ್ರಿ ಅಂತ... ಎದಿ ಒಡದಂಗಾತು. ನಿಮ್ಮನ್ನ ನಾ ಆಗ್ಲೇ ನಮ್ಮವರು ಅಂದ್ಕೊಂಡಿದ್ದೆ.”

ಅವನು ಸುತ್ತಿದ ನಕ್ಷೆಯನ್ನು ಕಂಕುಳಿಗೆ ಸೇರಿಸಿದ.

“ನಾಳಿ ಬರ್ತೀನಿ. ನಿಮ್ಮವ್ವನ್ನ ಒಂದು ಮಾತು ಕೇಳೋದದ.”

“ಅಂಗಡಿ ವಿಷಯಾ?”

“ಅಲ್ಲ... ನಿಮ್ಮ ವಿಷಯಾ.”

ಮೌನಮ್ಮನಿಗೆ ತಲೆ ಎತ್ತಲಾಗಲಿಲ್ಲ. “ಇಷ್ಟೆಲ್ಲಾ ಅಂದಾಕಿನ್ನ ಕಟ್ಕೋತೀರೇನ್ರಿ?”

“ಅವ್ವ ಹೂಂ ಅಂದ್ರ.”

“ಅವ್ವನ್ನ ಆಮ್ಯಾಲೆ ಕೇಳ್ರಿ... ಮೊದಲ ನನ್ನ ಕೇಳ್ರಿ.”

“ಕೇಳಾಕತ್ತೇನಿ.”

“ಹೂಂನ್ರಿ...”