ಗುಳೇದಗುಡ್ಡದ ಖಣ

ಅಕ್ಟೋಬರ್ ಹದಿನಾಲ್ಕು, ಬೆಳಿಗ್ಗೆ ಹನ್ನೊಂದು. ಹೆಲಿಕಾಪ್ಟರ್ ಕಂಪನಿಯ ಮ್ಯಾನೇಜರ್ ರಮಾನಾಥ ಜುಹು ಠಾಣೆಗೆ ದೂರು ತಂದ. ಹಿಂದಿನ ದಿನ ಪ್ರವಾಸಿಗರನ್ನು ಕೂರಿಸಿಕೊಂಡು ಹೊರಟ ಹೆಲಿಕಾಪ್ಟರಿನ ಎಂಜಿನ್ ಆಕಾಶದಲ್ಲೇ ನಿಂತಿತ್ತು. ಮೇಲಿನ ರೆಕ್ಕೆಗಳ ವೇಗ ಕುಸಿದು ಎಚ್ಚರಿಕೆಯ ಹಾರ್ನ್ ಕಿರುಚಿತ್ತು. ಪೈಲಟ್ ಅನುರಾಧಾ ಥಟ್ಟನೆ ಲಿವರ್ ಕೆಳಗೊತ್ತಿ, ಕೆಳಗಿನಿಂದ ನುಗ್ಗುವ ಗಾಳಿಯಿಂದಲೇ ರೆಕ್ಕೆ ತಿರುಗಿಸಿಕೊಳ್ಳುತ್ತ ಖಾಲಿ ಮೈದಾನದಲ್ಲಿ ಇಳಿಸಿದ್ದಳು. ಯಾರಿಗೂ ಒಂದು ಗೀರೂ ಆಗಿರಲಿಲ್ಲ. ಆದರೂ ದೂರು ಅವಳ ಮೇಲೆಯೇ! ಜೀವ ಉಳಿಸಿದವಳನ್ನು ದೂರುವುದಕ್ಕೂ ಎದೆಗಾರಿಕೆ ಬೇಕು.

ಎಫ್‌ಐಆರ್ ದಾಖಲಾಯಿತು. ನಿರ್ಲಕ್ಷ್ಯ ಸಾಬೀತಾದರೆ ಅನುರಾಧಾಳ ಲೈಸೆನ್ಸ್ ಹೋಗುವುದು ಖಚಿತವಾಗಿತ್ತು.

ಮಧ್ಯಾಹ್ನ ಇನ್ಸ್‌ಪೆಕ್ಟರ್ ದೇವಾನಂದ ಮತ್ತು ಕಾನ್‌ಸ್ಟೆಬಲ್ ವಿನೋದಿನಿಯ ಎದುರು ತಜ್ಞರು ಎಂಜಿನ್ ಬಿಚ್ಚಿದರು. ಗಾಳಿ ಎಳೆದುಕೊಳ್ಳುವ ಬಾಯಿಯಲ್ಲಿ ಅರ್ಧ ಸುಟ್ಟ ಬಟ್ಟೆ ಸಿಕ್ಕಿತು. ಅಂಚಿನಲ್ಲಿ ಸಿಕ್ಕಿಕೊಂಡಿದ್ದ ಅದು ಹಾರಾಟದ ನಡುವೆ ಒಳಗೆ ಸೆಳೆಯಲ್ಪಟ್ಟು ಗಾಳಿಗೆ ಅಡ್ಡವಾಗಿತ್ತು. ಪಂಚನಾಮೆಯಾಯಿತು.

ದೇವಾನಂದ ಟೆಕ್ನಿಷಿಯನ್ ಅನಿಲನನ್ನು ಕರೆದ.

"ಇದು ನೀನು ಒರೆಸೋ ಬಟ್ಟೆನಾ?"

"ನಹೀ ಸಾಬ್, ನನ್ನದೆಲ್ಲ ಬಿಳಿ. ಚೆಕ್ ಮಾಡಿ ಚಾಯ್‌ಗೆ ಹೋದೆ, ಬಸ್."

ದೇವಾನಂದ ಬಟ್ಟೆಯ ಅಂಚನ್ನು ಬೆಳಕಿಗೆ ಹಿಡಿದ. ಮಡಿಕೆಯಲ್ಲಿ ಅಕ್ಕಿ ಕಾಳು ಅಂಟಿತ್ತು, ಅರಿಶಿನವೂ ಇತ್ತು.

"ವಿನೋದಿನಿ, ಇದು ಗುಳೇದಗುಡ್ಡದ ಖಣ. ನಮ್ಮವ್ವ ಇದರಾಗ ಕುಬ್ಬಸ ಹೊಲಿಸ್ತಿದ್ಲು. ಒಳ್ಳೇದಾಗ್ಲಿ ಅಂತ ಯಾರೋ ಖಣ, ಅಕ್ಕಿ ಇಟ್ಟು ಉಡಿ ತುಂಬ್ಯಾರ."

"ಹೆಲಿಕಾಪ್ಟರಿಗಾ ಸರ್?" ಕರಾವಳಿಯ ವಿನೋದಿನಿಗೆ ನಗು ತಡೆಯಲಾಗಲಿಲ್ಲ.

ಆ ಹ್ಯಾಂಗರಿನಲ್ಲಿ ಖಣದ ಕುಬ್ಬಸ ತೊಡುವವಳು ಒಬ್ಬಳೇ: ಜೋಗೇಶ್ವರಿಯ ಚಾಳಿನಿಂದ ಬಂದು ಕಸ ಗುಡಿಸುವ ಬಾಗಲಕೋಟೆ ಕಡೆಯ ಕಸ್ತೂರಿಬಾಯಿ. ದೇವಾನಂದ ಅವಳನ್ನು ಕರೆಸಿದ.

"ಎಂಜಿನ್ನಿಗೆ ಖಣ ಇಟ್ಟವರು ಯಾರು?"

"ನಾನರೀ ಸಾಹೇಬ್ರ."

"ಯಾಕ?"

"ಅನುರಾಧಾ ಮೊದಲನೇ ಸಲ ತಾನೊಬ್ಬಾಕೇ ಮಂದೀನ ಕರಕೊಂಡು ಹೊಂಟಿದ್ಲರಿ. ಉಡಿ ತುಂಬತೀನಂದ್ರ, 'ಈ ಪ್ಯಾಂಟಿಗೆ ಉಡಿ ಎಲ್ಲಿದೆ ಮೌಶಿ, ಹೆಲಿಕಾಪ್ಟರಿಗೇ ತುಂಬು' ಅಂತ ನಕ್ಕಳು. ಅನಿಲ ಚಾಕ್ಕ ಹೋದಾಗ ನಾನು ಖರೇನ ತುಂಬಿದೆ." ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಆಕಿದೇನೂ ತಪ್ಪಿಲ್ಲ ಅಂತ ಮೊದಲ ಬರಕೊಳ್ರಿ."

ದೇವಾನಂದ ಮೊದಲು ಅದನ್ನೇ ಬರೆದುಕೊಂಡ. ಆಮೇಲೆ ವಿನೋದಿನಿ ಕಸ್ತೂರಿಬಾಯಿಯನ್ನು ಬಂಧಿಸಿದಳು. ಜೀವಕ್ಕೆ ಅಪಾಯ ತಂದ ನಿರ್ಲಕ್ಷ್ಯದ ಆರೋಪ, ಜಾಮೀನು ಸಿಗುವಂಥದ್ದು. ಕಾರಣದ ಕಡೆ ಬರೆಯಲು ದೇವಾನಂದನಿಗೆ ದ್ವೇಷ ಸಿಗಲಿಲ್ಲ, ಹೊಟ್ಟೆಕಿಚ್ಚೂ ಸಿಗಲಿಲ್ಲ. ಹೊರಟ ಹೆಣ್ಣುಮಗಳನ್ನು ಬರಿ ಉಡಿಯಲ್ಲಿ ಕಳಿಸಬಾರದು ಎಂದಷ್ಟೇ ಬರೆದ.

ಸಂಜೆ ಜಾಮೀನು ನಿಲ್ಲಲು ಅನುರಾಧಾಳೇ ಬಂದಳು. ಸಲ್ವಾರ್ ಹಾಕಿದ್ದಳು, ಕೈಯಲ್ಲಿ ದಾದರ್‌ನಿಂದ ತಂದ ಹೊಸ ಖಣವಿತ್ತು.

"ಸಾರಿ ಮೌಶಿ, ಜೋಕ್ ಮಾಡಬಾರದಿತ್ತು," ಎಂದು ಬೆಂಚಿನಲ್ಲಿ ಕೂತು ದುಪಟ್ಟಾ ಒಡ್ಡಿದಳು. "ಈಗ ನನಗೇ ತುಂಬು."

ವಿನೋದಿನಿ ಠಾಣೆಯ ಕ್ಯಾಂಟೀನಿನಿಂದ ಒಂದು ಹಿಡಿ ಅಕ್ಕಿ ತಂದುಕೊಟ್ಟಳು.