ಮುಚ್ಚಳ ಬಿಗಿಯುವ ಮಷೀನಿನ ಪುಷ್ಪಲತಾ

ಹೊಳಲು ಸಮೀಪದ ಆ ಫ್ಯಾಕ್ಟರಿಯಲ್ಲಿ ಮಿಡಿಸೌತೆಯನ್ನು ಬಾಟಲಿಗೆ ತುಂಬುತ್ತಿದ್ದರು. ಮುಚ್ಚಳ ಬಿಗಿಯುವ ಮಷೀನು ಪುಷ್ಪಲತಾಳದು. ಕಾಯಿ ತೊಳೆಯುವ ಕೆಲಸದಿಂದ ಆಪರೇಟರ್ ಆಗಲು ಅವಳು ಬಹಳ ಒದ್ದಾಡಿದ್ದಳು. ಅಂಥವಳನ್ನು ಸೂಪರ್‌ವೈಸರ್ ಪಾಲಾಕ್ಷಪ್ಪ ಒಂದು ಬೆಳಿಗ್ಗೆ ಮತ್ತೆ ಕಾಯಿ ತೊಳೆಯುವ ತೊಟ್ಟಿಗೆ ಕಳಿಸಿದ.

"ಯಾಕ್ರಿ ಸರ್?"

"ಮೆಕ್ಯಾನಿಕ್ ಬೀರಲಿಂಗೇಶ ಹೇಳ್ಯಾನ, ನಿನ್ನ ಅಲ್ಲಿ ನಿಲ್ಲಿಸಬ್ಯಾಡ ಅಂತ."

ಚೈನಿಗೆ ಎಣ್ಣೆ ಬಿಡುವ ನೆಪದಲ್ಲಿ ಹತ್ತಿರ ಬಂದು, ಅವಳು ತಿರುಗಿದೊಡನೆ ಸ್ಪ್ಯಾನರ್ ಹುಡುಕುವವನಂತೆ ತಲೆ ತಗ್ಗಿಸುತ್ತಿದ್ದ ಬೀರಲಿಂಗೇಶ! ಮಾಸ್ಕಿನ ಮೇಲೆ ನಗುತ್ತಿದ್ದ ಆ ಕಣ್ಣುಗಳನ್ನು ಅವಳು ನಂಬಿದ್ದಳು.

ಊಟದ ಬಿಡುವಿನಲ್ಲಿ ಬೇವಿನ ಮರದ ಕೆಳಗೆ ಅವನನ್ನು ತಡೆದಳು.

"ನನ್ನ ಕೆಲಸ ನಿಮಗೇನು ಅಡ್ಡ ಬಂದಿತ್ರಿ?"

ಅವನ ಮುಖ ಬಾಡಿತು. "ಹಂಗಲ್ರಿ. ಕೈ ಸಿಗಬಾರದಂತ ಮಷೀನಿನ ಮುಂದ ಹಾಕಿದ್ದ ಗಾರ್ಡ್ ಒಡದೈತಿ. ಹೊಸಾದು ತರಸ್ರಿ ಅಂದ್ರ ಕೇಳವಲ್ರು. ನಿಮ್ಮ ಕೈಗೆ ಏನಾರ ಆದ್ರ ನನಗ ತಡಕಳಾಕ ಆಗಂಗಿಲ್ಲ."

ಇಂಥ ಮಾತಿಗಾಗಿಯೇ ಅವಳು ಕಾದಿದ್ದಳು. ಇಂದು ಕೇಳಿದರೆ ಸಿಟ್ಟೇ ಬಂತು.

"ನನ್ನ ಒಂದು ಮಾತು ಕೇಳಿದ್ರೇನು? ಈಗ ಅಲ್ಲಿ ನನ್ನ ಬದ್ಲಿ ಮೈಲಮ್ಮ ನಿಂತಾಳ. ಆಕಿದು ಕೈ ಅಲ್ಲೇನ್ರಿ?"

ಬೀರಲಿಂಗೇಶ ಬುತ್ತಿ ಬಿಚ್ಚದೆ ಒಳಗೆ ಹೋದ. ಲೈನ್ ಶುರುವಾಗುವ ಹೊತ್ತಿಗೆ ಮೇನ್ ಸ್ವಿಚ್ ಆಫ್ ಮಾಡಿ ಅದರ ಮುಂದೆ ನಿಂತುಬಿಟ್ಟ.

"ಗಾರ್ಡ್ ಬರೋತನ ಇದು ತಿರುಗಂಗಿಲ್ರಿ."

ಪಾಲಾಕ್ಷಪ್ಪ ಕೂಗಾಡಿದ, ತಳ್ಳಲು ಬಂದ. ಪುಷ್ಪಲತಾ ಒದ್ದೆ ಕೈಯಲ್ಲೇ ಓಡಿಬಂದು ಬೀರಲಿಂಗೇಶನ ಪಕ್ಕ ನಿಂತಳು. ಹಿಂದೆಯೇ ಮೈಲಮ್ಮ ಬಂದಳು.

ಆ ವಾರವೇ ಗಾರ್ಡ್ ಬಂತು. ಪುಷ್ಪಲತಾಳಿಗೆ ಮಷೀನು ಮರಳಿ ಸಿಕ್ಕಿತು. ಬೀರಲಿಂಗೇಶನನ್ನು ಮಾತ್ರ ಕೆಲಸದಿಂದ ತೆಗೆದರು.

ಹೊಸಪೇಟೆಯಲ್ಲಿ ಕೆಲಸ ಹುಡುಕಲೆಂದು ಅವನು ಹಡಗಲಿ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಪುಷ್ಪಲತಾ ಏದುಸಿರು ಬಿಡುತ್ತ ಬಂದಳು. ಅವಳನ್ನು ಕಂಡು ನಗಲು ಹೋದ, ಆಗಲಿಲ್ಲ.

"ನಿಮ್ಮನ್ನ ಕೇಳದ ಮಾಡಿದ್ದು ತಪ್ಪಾತು. ಈಗ ಕೇಳ್ತೀನ್ರಿ. ಕೆಲಸ ಸಿಕ್ಕ ಮ್ಯಾಲ ನಿಮ್ಮ ಮನಿಗೆ ಹೆಣ್ಣು ಕೇಳಾಕ ಬರಲೇನು?"

ಮನೆಯಲ್ಲಿ ಅಪ್ಪ ಏನನ್ನುತ್ತಾನೋ ಎಂಬ ಅಳುಕು ಅವಳಿಗಿತ್ತು. ಕಂಡಕ್ಟರ್ ಸೀಟಿ ಊದಿದ. ಬೀರಲಿಂಗೇಶ ಬಸ್ಸಿನ ಮೆಟ್ಟಿಲು ಹತ್ತಿ ತಿರುಗಿದ.

"ಕೆಲಸ ಸಿಗ್ಲಿ ಸಿಗದಿರ್ಲಿ, ಬಾ," ಪುಷ್ಪಲತಾ ಕೂಗಿದಳು.

"ಏನಂದ್ರಿ?"

"ಬಾ ಅಂದೆ," ಎಂದಳು, ಕಣ್ಣೊರೆಸಿಕೊಳ್ಳುತ್ತ.

ಬಸ್ಸು ಹೊರಟಿತು.